ಎಡಕ್ಕೆ ಹಚ್ಚಿದ ಗುಂಡಿ

ಬಸವಕಲ್ಯಾಣದ ಸುಗಂಧಾ ಇಪ್ಪತ್ತೆರಡು ವರ್ಷಗಳಿಂದ ಹೆಂಗಸರ ಜಂಪರು ಹೊಲಿಯುವವಳು. ಓಣಿಯಲ್ಲಿ ಮದುವೆ ಗೊತ್ತಾದರೆ ಮೊದಲು ಇವಳ ಬಾಗಿಲು, ಆಮೇಲೆ ಅಕ್ಕಸಾಲಿಗನ ಬಾಗಿಲು. ಬಟ್ಟೆ ಒಯ್ಯುವ ತನಕ ಮನೆ ತುಂಬ ಜನ. ಒಯ್ದ ಮೇಲೆ ಅವಳು, ಅವಳ ಮಷಿನ್ನು, ಇಷ್ಟೇ. ಗಂಡ ತೀರಿಹೋಗಿ ಒಂಬತ್ತು ವರ್ಷ, ಮಕ್ಕಳಿಲ್ಲ. ತವರೆಂಬ ಒಂದು ಹಾದಿಯಿತ್ತು, ಅದನ್ನೂ ಕೆಡಿಸಿಕೊಂಡಿದ್ದಳು.

ನಾಲ್ಕು ವರ್ಷದ ಹಿಂದೆ ತವರೂರು ಘಾಟಬೋರಾಳದಲ್ಲಿ ಅವ್ವ ಕಣ್ಣು ಮುಚ್ಚಿದ ದಿನ ಅಣ್ಣ ಅಮೋಘಸಿದ್ದಪ್ಪ ಹನ್ನೊಂದು ಸಲ ಫೋನ್ ಮಾಡಿದ್ದ. ಇಲ್ಲಿ ಮದುಮಗಳ ಜಂಪರಿನ ಗಡಿಬಿಡಿ. ಒಂದು ಸಲವೂ ಇವಳಿಗೆ ಫೋನಿನ ಸದ್ದು ಕೇಳಿಸಲಿಲ್ಲ. ಇವಳು ಬಸ್ಸಿಳಿಯುವಷ್ಟರಲ್ಲಿ ಅವ್ವನಿಗೆ ಮಣ್ಣು ಕೊಟ್ಟಾಗಿತ್ತು.

“ನಿನ್ನ ಮಷಿನ್ನಿನ ಸಪ್ಪಳದಾಗ ಅವ್ವನ ಸಾವು ಹ್ಯಾಂಗ ಕೇಳತದವಾ,” ಎಂದ ಅಣ್ಣ.

ಅದೇ ಕೊನೆಯ ಮಾತು. ನಾಗರ ಪಂಚಮಿಗೆ ತವರಿಗೆ ಕರೆಯಲು ಅಣ್ಣ ಆಮೇಲೆ ಬರಲೇ ಇಲ್ಲ. ಅವನು ಅಂದದ್ದು ಸುಳ್ಳಾಗಿದ್ದರೆ ಇವಳೂ ಎರಡು ಮಾತು ಆಡಿ ಹಗುರಾಗುತ್ತಿದ್ದಳು. ನಿಜವಾಗಿತ್ತಲ್ಲ, ಅದಕ್ಕೇ ಮರೆಯಲಾಗಲಿಲ್ಲ.

ಈ ಸಲ ಪಂಚಮಿಗೆ ಅಣ್ಣನಿಗೊಂದು ಅರ್ಧ ತೋಳಿನ ಅಂಗಿ ಹೊಲಿದು ಕಳಿಸಬೇಕೆಂದು ಹಟ ಹಿಡಿದಳು. ತೊಟ್ಟುಕೊಂಡರೆ ಸಿಟ್ಟು ಇಳಿದಂತೆ. ತಿರುಗಿ ಬಂದರೆ ತವರು ಮುಗಿದಂತೆ. ಊರೂರು ತಿರುಗಿ ಬಳೆ ಮಾರುವ, ಇವಳು ಅಕ್ಕನಂತೆ ‘ಆಪಾ’ ಎಂದು ಕರೆಯುವ ಅಕ್ಬರಿ, ಅಳತೆಗೆಂದು ಅಣ್ಣನ ಹಳೆಯ ಅಂಗಿಯೊಂದನ್ನು ಅತ್ತಿಗೆ ಉಮಾದೇವಿಯಿಂದ ಗುಟ್ಟಾಗಿ ತಂದುಕೊಟ್ಟಳು. ಕಾಲರ್ ಸವೆದಿತ್ತು, ಜೇಬಿನ ಮೂಲೆಯಲ್ಲಿ ತಂಬಾಕಿನ ಪುಡಿ. ಅದನ್ನು ಮೂಸಿ ಸುಗಂಧಾ ಒಬ್ಬಳೇ ಕೂತು ಅತ್ತಳು.

ನೀಲಿ ಕಾಟನ್ ಬಟ್ಟೆ ತಂದು, ನೀರಲ್ಲಿ ನೆನೆಸಿ ಒಣಗಿಸಿ, ಹಳೆ ಅಂಗಿಯನ್ನು ಮೇಲೆ ಹಾಸಿ ಗೆರೆ ಎಳೆದು ಕತ್ತರಿಸಿದಳು. ಬೆನ್ನು, ಹೆಗಲು, ತೋಳು ಸುಲಭವಾಗಿ ಕೂಡಿದವು. ಕಾಲರನ್ನು ಮಾತ್ರ ಮೂರು ಸಲ ಬಿಚ್ಚಿದಳು. ಜಂಪರಿಗೆ ಕಾಲರ್ ಎಲ್ಲಿಯದು? ಮಷಿನ್ ತುಳಿಯುವಾಗ ಫೋನು ಮಡಿಲಲ್ಲೇ ಇತ್ತು. ಅವ್ವ ಹೋದಾಗಿನಿಂದ ಅದೇ ರೂಢಿ. ಕೊನೆಗೆ ಗುಂಡಿ ತೂರುವ ಕಾಜಗಳನ್ನು ಕೈಯಲ್ಲೇ ಹೊಲಿದು, ಆರು ಗುಂಡಿ ಹಚ್ಚಿ, ಇಸ್ತ್ರಿ ಮಾಡಿ ಅಕ್ಬರಿಯ ಕೈಗಿಟ್ಟಳು.

ಅಕ್ಬರಿ ಬಸ್ಸು ಹತ್ತಿದ ಮೇಲೆ ಹಳೆ ಅಂಗಿ ಮಡಿಸಲು ಕೂತವಳ ಕಣ್ಣು ಅದರ ಗುಂಡಿಗಳ ಮೇಲೆ ಬಿತ್ತು. ಗಂಡಸರ ಅಂಗಿಗೆ ಗುಂಡಿ ಬಲಕ್ಕೆ, ಕಾಜ ಎಡಕ್ಕೆ. ಇವಳು ಹೆಂಗಸರದ್ದಕ್ಕೆ ಮಾಡುವಂತೆ ಗುಂಡಿಯನ್ನು ಎಡಕ್ಕೆ ಹಚ್ಚಿಬಿಟ್ಟಿದ್ದಳು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಕೈಯ ರೂಢಿ ಅದಕ್ಕೇನು ಕಡಿಮೆಯೇ! ಊರ ಕಟ್ಟೆಯ ಮೇಲೆ ಅಣ್ಣ ನಗೆಪಾಟಲಾಗುತ್ತಾನೆ. ಈ ಕೈ ಮುರಿಯಬಾರದೇ ಎಂದು ಹಣೆ ಚಚ್ಚಿಕೊಂಡಳು.

ಪಂಚಮಿ ಮುಗಿಯಿತು. ಫೋನು ಬರಲಿಲ್ಲ. ಮೂರನೆಯ ದಿನ ಅಕ್ಬರಿ ಬಂದಳು.

“ಬಜಾರದಾಗ ತಂದೀನಿ ಅಂತ ನಿಮ್ಮ ಅತ್ತಿಗಿ ಸುಳ್ಳ ಹೇಳಿದ್ಳಂತ. ನೀ ಹೊಲದದ್ದಂದ್ರ ಅವ ಮುಟ್ಟಂಗಿಲ್ಲ ಅಂತ ಆಕಿಗಿ ಅಂಜಿಕಿ.”

“ಆಮ್ಯಾಲರಿ ಆಪಾ?”

“ತೊಟ್ಕೊಂಡ. ಗುಂಡಿ ಹಾಕ್ಕೊಳ್ಳಾಕ ಹೋದ್ರ ಕೈ ತಡೀತು. ಹಂಗ ಕುಂತು ಬಾಳೊತ್ತು ಗುಂಡಿ ನೋಡಿದನಂತ. ‘ಇದು ಬಜಾರದ್ದಲ್ಲ, ಜಂಪರ ಹೊಲಿಯೋ ಕೈಯಾಗಿಂದು’ ಅಂದನಂತ.”

“ತೆಗದ ಒಗದನೇನ್ರಿ?”

“ಇಲ್ಲವಾ. ಒಂದೊಂದ ಗುಂಡಿ ಹಾಕ್ಕೊಂಡು ಹೊಲಕ್ಕ ಹೋದ.”

ಸುಗಂಧಾ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನನ್ನ ಬಗ್ಗೆ ಏನರ ಕೇಳಿದನೇನ್ರಿ?”

ಅಕ್ಬರಿ ಬಳೆಗಳನ್ನು ಸುಮ್ಮನೆ ಅತ್ತಿತ್ತ ಸರಿಸಿದಳು. “ಇಲ್ಲವಾ.”

ಮರುದಿನ ಬೆಳಿಗ್ಗೆ ಸುಗಂಧಾ ಬಜಾರಿಗೆ ಹೋಗಿ ಬಿಳಿ ಗೆರೆಯ ಬಟ್ಟೆ ತಂದಳು. ಫೋನು ಮಡಿಲಲ್ಲಿಟ್ಟುಕೊಂಡು ಇನ್ನೊಂದು ಅರ್ಧ ತೋಳಿನ ಅಂಗಿ ಹೊಲಿದಳು. ಈ ಸಲ ಕಾಲರ್ ಒಂದೇ ಏಟಿಗೆ ಕೂತಿತು. ಹಳೆ ಅಂಗಿ ಎದುರಿಗೇ ಇತ್ತು, ಗುಂಡಿ ಯಾವ ಕಡೆಗೆ ಬರಬೇಕೆಂಬುದು ಚೆನ್ನಾಗಿ ಗೊತ್ತಿತ್ತು. ಆದರೂ ಆರಕ್ಕೆ ಆರನ್ನೂ ಎಡಕ್ಕೇ ಹಚ್ಚಿದಳು.