ಮೊಮ್ಮಗಳ ಹವಳದ ತೋಟ

ದೋಣಿಯ ತಳಕ್ಕೆ ಹಾಕಿದ್ದ ಗಾಜಿನಲ್ಲಿ ಇಣುಕಿದೆ. ಕೆಳಗೆ ಹವಳದ ಗಿಡಗಳು ಮಲ್ಲಿಗೆ ಬಿರಿದ ಹಾಗೆ ಬೆಳ್ಳಗೆ ಹರಡಿದ್ದವು. ಮಾಲ್ದೀವ್ಸ್‌ನಲ್ಲಿ ಡೈವಿಂಗ್ ಕಲಿಸುವ ನನ್ನ ಮೊಮ್ಮಗಳು ನಾಸಿಕ್‌ನಿಂದ ನನ್ನನ್ನು ಕರೆಸಿಕೊಂಡದ್ದೇ ಈ ತೋಟ ತೋರಿಸಲು. ಹಿಗ್ಗು ತಡೆಯಲಾಗದೆ ಎರಡೂ ಕೈಯಿಂದ ಸಮುದ್ರಕ್ಕೇ ದೃಷ್ಟಿ ತೆಗೆದು, ಹಣೆಗೆ ಒತ್ತಿ ಲಟಿಕೆ ಮುರಿದೆ.

"ಎಷ್ಟ್ ಚಂದ ಅದವ್ವಾ ನಿನ್ನ ತೋಟ. ಯಾರ ಕಣ್ಣೂ ಬೀಳಬಾರದು ನೋಡು."

ಆಕೆ ಮುಖ ಆಚೆ ತಿರುಗಿಸಿದಳು.

"ಅಜ್ಜಿ, ಅದು ಸತ್ತದ. ಪಾಣಿ ಖೂಪ್ ಗರಮ್ ಆತು. ನೀ ಬರೋದ್ರಾಗ ಕಲರ್ ಎಲ್ಲಾ ಹೋತು."

ನೀರು ಬಹಳ ಬಿಸಿಯಾಯಿತು ಅನ್ನಲೂ ಮರಾಠಿ ಬೆರೆಸುವ, ನಾಸಿಕ್‌ನಲ್ಲಿ ಹುಟ್ಟಿ ಬೆಳೆದವಳ ಕನ್ನಡ ಕೇಳಿದರೆ ನನಗೆ ಯಾವಾಗಲೂ ನಗು. ಅವತ್ತು ಬರಲಿಲ್ಲ. ಕೆಂಪು, ನೇರಳೆ, ಹಳದಿ ಎಂದು ಫೋನಿನಲ್ಲಿ ಎಷ್ಟು ಸಂಭ್ರಮದಿಂದ ಹೇಳುತ್ತಿದ್ದಳು. ಪಕ್ಕದಲ್ಲಿದ್ದ ಪ್ರವಾಸಿಗರು ನಗುತ್ತ ಆ ಬಿಳಿ ಹವಳದ್ದೇ ಫೋಟೊ ತೆಗೆಯುತ್ತಿದ್ದರು. ನಾನು ಆಕೆಯ ತಲೆಯನ್ನು ಎದೆಗೆ ಒತ್ತಿಕೊಂಡೆ.

ಊರಿಗೆ ಮರಳಿದ ಮೇಲೆ, ಮೊಮ್ಮಗಳು ವಿಮಾನ ಹತ್ತಿಸಿ ಕರೆಸಿಕೊಂಡಳೆಂದು ನಾಸಿಕ್ ಪಕ್ಕದ ಓಝರ್‌ನ ನಮ್ಮ ಕಾಲೊನಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದೇನೆ, ಹೆಮ್ಮೆಗೇನೂ ಕಮ್ಮಿಯಿಲ್ಲ. ಸಮುದ್ರದಲ್ಲಿ ಏನು ನೋಡಿದಿರಿ ಎಂದು ಕೇಳಿದರೆ ಮಾತ್ರ ಬಾಯಿ ಕಹಿಯಾಗುತ್ತದೆ. ಆಕೆ ಇವತ್ತೂ ಅದೇ ನೀರಿಗೆ ಜನರನ್ನು ಇಳಿಸುತ್ತಾಳೆ, ಚಂದ ಅಂದವರಿಗೆ ಹೌದು ಅನ್ನುತ್ತಾಳೆ.