ಹಗಲು ಹೆಂಗಿತ್ತು?

"ರಾತ್ರಿ ಹೊತ್ತು ಮಗು ನೋಡ್ಕೊಳ್ಳೋಕೆ ಬರ್ತಾರಲ್ಲ, ಅವರಿಗೆ ಡೌಲಾ ಅಂತಾರೆ ಕಣೆ" ಎಂದು ಚಿಕ್ಕಮ್ಮನ ಮಗಳು ಫೋನಿನಲ್ಲಿ ನನಗೆ ಪಾಠ ಹೇಳಿದಳು. ಅಷ್ಟು ಹೊತ್ತಿಗೆ ಬಣಕಲ್ಲಿನ ಅಕ್ಕ ನಮ್ಮ ಮನೆಗೆ ರಾತ್ರಿ ಕೆಲಸಕ್ಕೆ ಬರತೊಡಗಿ ಮೂರು ದಿನವಾಗಿತ್ತು. ಸಂಜೆ ಅವರು ಬಂದೊಡನೆ ಅವರ ಹೊಸ ಹೆಸರನ್ನು ಹೇಳಿದೆ.

"ನಂಗೆ ಯಾವ ಡೌಲೂ ಇಲ್ಲ ಮಾರಾಯ್ರೆ. ಕೈ ತೊಳೀಲಿಕ್ಕೆ ಬಿಸಿನೀರು ಎಲ್ಲಿದೆ ಹೇಳಿ" ಎಂದರು.

ಹೆರಿಗೆಯಾದ ಮೇಲೆ ನಾನು ನಕ್ಕಿದ್ದು ಅದೇ ಮೊದಲು. ಹೊಲಿಗೆ ಎಳೆದು ನೋವಾಯಿತು.

ತವರಿನ ಬಾಣಂತನ ನನ್ನ ಹಣೆಯಲ್ಲಿ ಬರೆದಿರಲಿಲ್ಲ. ಅಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ಅತ್ತೆಯನ್ನು ನಾನು ನೋಡಿದ್ದೇ ಗೋಡೆಯ ಫೋಟೊದಲ್ಲಿ. ಸಿಸೇರಿಯನ್ ಆದವಳು ರಾತ್ರಿಯಾದರೂ ನಿದ್ದೆ ಮಾಡದಿದ್ದರೆ ಚೇತರಿಸಿಕೊಳ್ಳುವುದಿಲ್ಲ ಎಂದು ಡಾಕ್ಟರು ಗದರಿದ್ದರಿಂದ, ನನ್ನ ಗಂಡ ಮೂಡಿಗೆರೆಯಲ್ಲಿ ಗುರುತಿನ ನರ್ಸೊಬ್ಬರನ್ನು ವಿಚಾರಿಸಿ ಈ ಅಕ್ಕನನ್ನು ನಲವತ್ತು ರಾತ್ರಿಗೆ ಒಪ್ಪಿಸಿ ಬಂದ. ಬಂದವನೇ ಕಾಫಿ ಒಣಗಿಸುವ ಕಣಕ್ಕೆ ಹೋದ. ಕೊಯ್ಲಿನ ಕಾಲದಲ್ಲಿ ತೋಟದವನನ್ನು ದೂರಿ ಪ್ರಯೋಜನವಿಲ್ಲ. ಆದರೂ ನಾನು ಮನಸ್ಸಿನಲ್ಲೇ ಚೆನ್ನಾಗಿ ದೂರುತ್ತಿದ್ದೆ.

ಅಡುಗೆಯವಳು ಬೆಳಿಗ್ಗೆ ಏಳಕ್ಕೆಲ್ಲ ಗಂಜಿ, ಸಾರು ಮಾಡಿಟ್ಟು ತಾನೂ ಕೊಯ್ಲಿಗೆ ಹೊರಟುಬಿಡುತ್ತಿದ್ದಳು. ಆಮೇಲೆ ಸಂಜೆಯವರೆಗೆ ಮನೆಯಲ್ಲಿ ನಾನು ಮತ್ತು ಮಗು. ಮಗುವಿನ ಜೊತೆ ಮಾತಾಡುತ್ತಿರಬೇಕು ಎಂದು ಎಲ್ಲರೂ ಹೇಳುತ್ತಾರೆ. ಏನು ಮಾತಾಡುವುದೋ ನನಗೆ ತೋಚುತ್ತಿರಲಿಲ್ಲ. ಹಾಲು ಕುಡಿಸುತ್ತಿದ್ದೆ, ಬಟ್ಟೆ ಬದಲಿಸುತ್ತಿದ್ದೆ. ಅದು ಮಲಗಿದ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ, ನಲ್ಲಿ ಯಾಕೆ ಬಿಡುತ್ತಿದ್ದೆನೋ ಗೊತ್ತಿಲ್ಲ.

ಕೆಲಸದಾಳುಗಳನ್ನು ಬಾಳೂರಿಗೆ ಬಿಟ್ಟು ಬರುವ ನಮ್ಮ ಜೀಪು ಸಂಜೆ ಬಸ್ಸಿಳಿದ ಅಕ್ಕನನ್ನು ಹತ್ತಿಸಿಕೊಂಡು ಬರುತ್ತಿತ್ತು. ಬೆಳಿಗ್ಗೆ ಆಳುಗಳನ್ನು ಕರೆತರಲು ಹೋಗುವಾಗ ಅದೇ ಜೀಪಿನಲ್ಲಿ ಅವರು ವಾಪಸು. ಬಂದವರು ಕೈಕಾಲು ತೊಳೆದು, ಸೀರೆ ಬದಲಿಸಿ, ನನ್ನ ಮಂಚದ ಕಾಲ ಬಳಿ ಕೂತು ಕೇಳುತ್ತಿದ್ದ ಪ್ರಶ್ನೆ ಒಂದೇ.

"ಹಗಲು ಹೆಂಗಿತ್ತು ಅಮ್ಮ?"

ಅವರು ಕೇಳುತ್ತಿದ್ದುದು ಎಷ್ಟು ಸಲ ಹಾಲು ಕುಡಿಯಿತು, ಹೊಟ್ಟೆ ಸರಿಯಾಗಿದೆಯಾ ಎಂಬ ಲೆಕ್ಕದಲ್ಲಿ. ಆದರೆ ದಿನವಿಡೀ ಬಾಯಿ ಬಿಡದವಳಿಗೆ ಅಷ್ಟು ಸಾಕಿತ್ತು. ಕೆಮ್ಮಿ ಗಂಟಲು ಸರಿಮಾಡಿಕೊಂಡು ಶುರು ಮಾಡುತ್ತಿದ್ದೆ. ಮಗು ಎರಡು ಸಲ ಸೀನಿತು. ಕಿಟಕಿ ಹತ್ತಿರ ಒಂದು ಪಿಕಳಾರ ಹಕ್ಕಿ ಬಂದು ಕೂತಿತ್ತು. ಅಡುಗೆಯವಳು ಗಂಜಿಗೆ ಉಪ್ಪು ಹಾಕಲು ಮರೆತಿದ್ದಳು. ಬೆಳಿಗ್ಗೆಯಿಂದಲೇ ಇಂಥವನ್ನೆಲ್ಲ ಅವರಿಗಾಗಿ ಎತ್ತಿಡುತ್ತಿದ್ದೆ. ಅಕ್ಕ ಅಂಗೈಗೆ ಎಣ್ಣೆ ಉಜ್ಜಿಕೊಳ್ಳುತ್ತ ಎಲ್ಲವನ್ನೂ ಕೇಳುತ್ತಿದ್ದರು.

ಮೂವತ್ತು ರಾತ್ರಿ ಕಳೆದ ಮೇಲೆ ನನಗೆ ಹೆದರಿಕೆ ಹತ್ತಿತು. ಇನ್ನು ಹತ್ತೇ ದಿನ, ಆಮೇಲೆ ಈ ಪ್ರಶ್ನೆ ಕೇಳುವವರು ಯಾರು? ಇನ್ನೊಂದು ತಿಂಗಳು ಬನ್ನಿ ಎಂದು ಕೇಳಿದರೆ, "ನಿಮ್ಮ ಹೊಲಿಗೆ ಒಣಗಿದೆ, ಕೂಸು ಚೆನ್ನಾಗಿದೆ. ಮೂಡಿಗೆರೆಯಲ್ಲಿ ಇನ್ನೊಬ್ಬಳು ಬಾಣಂತಿ ಕಾಯ್ತಾ ಇದ್ದಾಳೆ" ಎಂದರು. ಆ ಕಾಣದ ಬಾಣಂತಿಯ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚಾಯಿತೆಂದರೆ, ಮಾರನೆಯ ಸಂಜೆ ಸುಳ್ಳು ಹೇಳಿದೆ.

"ಹಗಲಿಡೀ ಅಳ್ತದೆ ಅಕ್ಕ. ಒಂದು ಗಳಿಗೆ ಬಿಡೋದಿಲ್ಲ."

ನಿದ್ದೆಯಲ್ಲಿದ್ದ ಮಗುವನ್ನು ಅವರು ಎತ್ತಿಕೊಂಡರು. ಅದು ಎಚ್ಚರವಾಗಿ ಸ್ವಲ್ಪ ರಗಳೆ ಮಾಡಿತು. ಅವರು ಆ ಅಳುವನ್ನು ಕಿವಿಗೊಟ್ಟು ಕೇಳಿದರು, ನನ್ನ ಮುಖ ನೋಡಿದರು. ನಾನು ಮಾರನೆಯ ದಿನವೂ ಅದನ್ನೇ ಹೇಳಿದೆ. ಅದರ ಮಾರನೆಯ ದಿನ ಇನ್ನಷ್ಟು ಸೇರಿಸಿ ಹೇಳಿದೆ.

ಮೂವತ್ತೇಳನೆಯ ಬೆಳಿಗ್ಗೆ ಜೀಪಿಳಿದ ಅಕ್ಕ ಬಣಕಲ್ಲಿನ ಬಸ್ಸು ಹತ್ತಲಿಲ್ಲವಂತೆ. ಸಂಜೆ ಬಂದಾಗ ಅವರ ಕಣ್ಣು ಕೆಂಪಾಗಿತ್ತು. ಕಳಸದ ಬಸ್ಸು ಹಿಡಿದು ಹೊರನಾಡಿಗೆ ಹೋಗಿ ಬಂದೆ ಎಂದು, ಕುಂಕುಮದ ಪೊಟ್ಟಣ ಮತ್ತು ಅರ್ಚನೆಯ ಚೀಟಿಯನ್ನು ನನ್ನ ಕೈಗಿಟ್ಟರು. ರಾತ್ರಿಯೆಲ್ಲ ಎಚ್ಚರವಿದ್ದವರು, ನನ್ನ ಸುಳ್ಳಿನ ಸಲುವಾಗಿ ಹಗಲಿನ ನಿದ್ದೆಯನ್ನೂ ಬಿಟ್ಟಿದ್ದರು. ನನಗೆ ಮುಖ ಎತ್ತಲಾಗಲಿಲ್ಲ. ಚೀಟಿಯಲ್ಲಿ ನನ್ನ ಹೆಸರಿತ್ತು. ಕೊಯ್ಲು ಮುಗಿದ ಮೇಲೆ ಮಾಡೋಣ ಎಂದು ಗಂಡ ನಾಮಕರಣವನ್ನು ಮುಂದೂಡಿದ್ದ. ಮಗುವಿಗೆ ಹೆಸರಿಲ್ಲದ್ದಕ್ಕೆ ನನ್ನದನ್ನು ಕೊಟ್ಟಿದ್ದಾರೆ ಎಂದುಕೊಂಡೆ. ನನ್ನನ್ನು ಅಮ್ಮ ಎಂದಷ್ಟೇ ಕರೆಯುವ ಅವರಿಗೆ ಹೆಸರು ಹೇಗೆ ಸಿಕ್ಕಿತು ಎಂದು ಕೇಳಿದೆ.

"ಮಾತ್ರೆ ಪೊಟ್ಟಣದ ಮೇಲೆ ಬರೆದಿತ್ತಲ್ಲ."

ಕೊನೆಯ ಬೆಳಿಗ್ಗೆ ಬಂತು. ಜೀಪು ಅಂಗಳದಲ್ಲಿ ಗುರುಗುಡುತ್ತಿತ್ತು. ಅಕ್ಕ ಚೀಲ ಎತ್ತಿಕೊಂಡಾಗ ನನ್ನಿಂದ ತಡೆಯಲಾಗಲಿಲ್ಲ.

"ಅಕ್ಕ, ಮಗು ಅಳ್ತದೆ ಅಂತ ನಾನು ಸುಳ್ಳು ಹೇಳಿದ್ದೆ."

"ಗೊತ್ತು. ಹಗಲಿಡೀ ಅತ್ತ ಕೂಸಿನ ಗಂಟಲು ಸಂಜೆಗೆ ಕಟ್ಟಿರ್ತದೆ. ನಿಮ್ಮ ಕೂಸಿಂದು ಒಂದು ದಿನವೂ ಕಟ್ಟಿರ್ಲಿಲ್ಲ. ನಿಮ್ಮದು ಕಟ್ಟಿರ್ತಿತ್ತು, ಮೊದಲನೇ ದಿನದಿಂದ."

"ಮತ್ತೆ ಹೊರನಾಡಿಗೆ ಯಾಕೆ ಹೋದ್ರಿ?"

"ಚೀಟೀಲಿ ಯಾರ ಹೆಸರಿತ್ತು, ಓದ್ಲಿಲ್ವಾ?" ಎಂದು ನನ್ನ ಕೆನ್ನೆ ಸವರಿದರು. ಎಣ್ಣೆಯ ವಾಸನೆಯ ಕೈ. ಜೀಪಿನವನು ಹಾರನ್ ಹೊಡೆದ. ಅವರು ಹೋದರು.

ಆ ದಿನ ಮಗು ಹಾಲು ಕುಡಿಯಲಿಲ್ಲ, ತೊಟ್ಟಿಲಲ್ಲಿ ಮಲಗಲಿಲ್ಲ. ಹೆಗಲ ಮೇಲೆ ಹಾಕಿಕೊಂಡು ಜಗಲಿಯಲ್ಲಿ ತಿರುಗಿದೆ. ಮೊದಲ ಬಾರಿಗೆ ಬಾಯಿಗೆ ಬಂದದ್ದನ್ನೆಲ್ಲ ಅದರ ಜೊತೆ ಮಾತಾಡಿದೆ. ಸಂಜೆ ಹೊತ್ತಿಗೆ ಅದರ ಗಂಟಲೂ ಕಟ್ಟಿತ್ತು, ನನ್ನದೂ. ಜೀಪು ಬಂದು ಅಂಗಳದಲ್ಲಿ ನಿಂತಿತು. ಡ್ರೈವರ್ ಒಬ್ಬನೇ ಇಳಿದ. ಮಗು ಹಗಲಿಡೀ ಅತ್ತಿತ್ತು, ಈ ಸಲ ನಿಜವಾಗಿಯೂ.