ಆಯಿಯ ಕೂಗು

ಮೀನಿನ ಗಾಡಿ ಹಾರ್ನ್ ಹೊಡೆಯುತ್ತ ಮನೆ ಬಾಗಿಲಿಗೆ ಬರುವ ಕಾಲವಲ್ಲ ಅದು. ನಮ್ಮ ಕಡೆ ರೈಲು ಬಂದ ಹೊಸತು. ಹೊನ್ನಾವರದ ಬಂದರಿನಿಂದ ಹೆಂಗಸರು ಬುಟ್ಟಿ ಹೊತ್ತು, ಹೆದ್ದಾರಿ ದಾಟಿ, ಒಳಗಿನ ಕೇರಿಗಳಲ್ಲಿ ಕೂಗುತ್ತ ಹೋಗುತ್ತಿದ್ದರು. ಒಬ್ಬೊಬ್ಬರಿಗೂ ಅವರದೇ ಕೂಗು, ಅವರದೇ ಖಾಯಂ ಮನೆಗಳು. ನನ್ನ ಅಮ್ಮ, ನಾನು ಆಯಿ ಎನ್ನುತ್ತಿದ್ದ ಮಾದೇವಿ, ಗದ್ದೆಯಂಚಿನಲ್ಲಿ ‘ಬಂಗಡೇ...’ ಎಂದು ಎಳೆದು, ಕೊನೆಯಲ್ಲಿ ದನಿಯನ್ನು ಸಣ್ಣಗೆ ಮೇಲೆತ್ತಿದರೆ ಸಾಕು, ಮೀನು ಕಣ್ಣಿಗೆ ಬೀಳುವ ಮೊದಲೇ ಹೆಂಗಸರು ಕಾಯಿ ತುರಿಯಲು ಕೂರುತ್ತಿದ್ದರು.

ನಾನು ಏಳನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ಆ ದನಿ ಹೋಯಿತು. ಗಂಟಲಲ್ಲಿ ಗಡ್ಡೆ ಎಂದರು. ಮಂಗಳೂರಿನ ಆಸ್ಪತ್ರೆಯಿಂದ ಬಂದ ಮೇಲೆ ಅವಳ ಬಾಯಿಂದ ಬರುತ್ತಿದ್ದುದು ಬರೀ ಪಿಸುಮಾತು. ಅಪ್ಪ ಬೇರೆಯವರ ದೋಣಿಗೆ ಹೋಗುತ್ತಿದ್ದ. ದೋಣಿ ಬರಿದೇ ಬಂದ ದಿನವೂ ನಮ್ಮ ಒಲೆ ಹೊತ್ತುತ್ತಿದ್ದುದು ಆಯಿಯ ಬುಟ್ಟಿಯಿಂದ. ಮಾದೇವಿಯ ಮನೆಗಳೆಂದು ಬೇರೆ ಹೆಂಗಸರು ಅಲ್ಲಿಗೆ ಕಾಲಿಟ್ಟಿರಲಿಲ್ಲ. ಆದರೆ ಮೀನು ತಿನ್ನುವ ಮನೆಯವರು ಎಷ್ಟು ದಿನ ಕಾದಾರು? ಬುಟ್ಟಿ ನನ್ನ ತಲೆಗೆ ಬಂತು.

ನಾನೋ, ಹಾಜರಿ ಕರೆದಾಗಲೂ ಮೇಷ್ಟರಿಗೆ ಕೇಳದಷ್ಟು ಮೆಲ್ಲಗೆ ಓಗೊಡುವವಳು. ತುಂಬಿದ ಬುಟ್ಟಿಯನ್ನು ಒಬ್ಬರೇ ಇಳಿಸಲಾಗದು. ಮನೆಯವರನ್ನು ಕರೆದು ಕೈ ಕೊಡಿ ಎನ್ನಬೇಕು. ಮೊದಲ ದಿನ ಕೂಗಲೂ ಇಲ್ಲ, ಕರೆಯಲೂ ಇಲ್ಲ. ಬೇಲಿಯ ಬಾಗಿಲು, ದಣಪೆಯ ಹತ್ತಿರ ಸುಮ್ಮನೆ ನಿಂತೆ. ಮೀನಿನ ನೀರು ಕುತ್ತಿಗೆಗೆ ಇಳಿದು ಬೆನ್ನೆಲ್ಲ ಅಂಟು. ಬಟ್ಟೆ ಒಣಗಿಸಲು ಬಂದ ಒಬ್ಬ ಅಕ್ಕ ನನ್ನನ್ನು ಕಂಡು ಬೆಚ್ಚಿದಳು.

“ಬುಟ್ಟಿಲಿರೋ ಮೀನೂ ಬಾಯಿ ತೆರ್ಕಂಡವೆ, ನಿಂಗೆಂತ ಆತು ಮಾರಾಯ್ತಿ?”

ಮಧ್ಯಾಹ್ನದ ಹೊತ್ತಿಗೆ ಮೀನಿನ ಹೊಟ್ಟೆ ಒಡೆದಿತ್ತು. ಆಯಿ ಬೈಯಲಿಲ್ಲ. ಕೆಡದೆ ಉಳಿದವನ್ನು ಸೀಳಿ, ಉಪ್ಪು ಹಚ್ಚಿ ಒಣಗಲು ಹಾಕಿದಳು. ಸಂಜೆ ಖಾಲಿ ಬುಟ್ಟಿ ಹೊರಿಸಿ ನನ್ನನ್ನು ಅಂಗಳದಲ್ಲಿ ನಿಲ್ಲಿಸಿ, ಕೂಗು ಎಂದು ಸನ್ನೆ ಮಾಡಿದಳು. ಕೂಗಿದೆ. ಹಾಗಲ್ಲ ಎಂದು ತಲೆಯಾಡಿಸಿದಳು. ಎದ್ದು ಬಂದು ನನ್ನ ಹೊಟ್ಟೆಯ ಮೇಲೆ ಅಂಗೈ ಒತ್ತಿದಳು: ಗಂಟಲಿಂದಲ್ಲ, ಇಲ್ಲಿಂದ. ಕೊನೆಯಲ್ಲಿ ದನಿ ಎಲ್ಲಿ ಏಳಬೇಕೋ ಅಲ್ಲಿ ಅವಳ ಬೆರಳು ಏಳುತ್ತಿತ್ತು. ಪಕ್ಕದ ಮನೆಯ ಹುಡುಗರು ಬೇಲಿಯಾಚೆಯಿಂದ ಅಣಕಿಸಿದರು. ಬೆರಳು ನಿಲ್ಲಲಿಲ್ಲ. ದಿನವೂ ಸಂಜೆ ಇದೇ ಪಾಠ. ಆಮೇಲೆ ಗಂಜಿ, ನಂಚಿಕೊಳ್ಳಲು ನಾನು ಮಾರದೆ ತಂದ ಬಂಗಡೆಯನ್ನೇ ಕೆಂಡದಲ್ಲಿ ಸುಟ್ಟು ಕೊಡುತ್ತಿದ್ದಳು. ಅವಳು ಬರೀ ಗಂಜಿಯ ತಿಳಿ ಕುಡಿಯುತ್ತಿದ್ದಳು.

ಬೇಸಿಗೆ ಏರುತ್ತ ನನ್ನ ಬಾಯಿ ಬಿಚ್ಚಿತು. “ಅಕ್ಕ, ಕೈ ಕೊಡಿ” ಎಂದು ಅಡುಗೆಮನೆಗೆ ಕೇಳುವಂತೆ ಕರೆದೆ. ಚೌಕಾಶಿಗೆ ನಿಂತವರಿಗೆ ತಾಜಾ ಮೀನಿನ ಕೆಂಪು ಕಿವಿರು ಬಿಡಿಸಿ ತೋರಿಸಿ ಬಾಯಿ ಮುಚ್ಚಿಸಿದೆ. ಒಂದು ದಿನ ಗದ್ದೆಯಂಚಿನ ಮನೆಯ ಜಗಲಿಯಿಂದ, ಕಣ್ಣು ಮಂಜಾದ ಅಜ್ಜಿಯೊಬ್ಬಳು ನನ್ನ ಕೂಗು ಕೇಳಿ ಎದ್ದು ಕೂತಳು.

“ಗುಣ ಆತನೇ ಮಾದೇವಿ?”

ನಾನು ಮಗಳು ಎಂದು ಹೇಳಬೇಕಾಯಿತು.

ಮನೆಯಲ್ಲಿ ಇದನ್ನು ಹೇಳಿದಾಗ ಆಯಿ ಗೋಡೆಯ ಕಡೆ ತಿರುಗಿ ಮಲಗಿದಳು. ಮರುದಿನದಿಂದ ಬುಟ್ಟಿ ಖಾಲಿಯಾಗಿದ್ದರೂ ನಮ್ಮ ಕೇರಿಯ ತಿರುವಿನಿಂದಲೇ ಕೂಗುತ್ತ ಬರಬೇಕೆಂದಳು. ಹೊಸ್ತಿಲಲ್ಲಿ ಕಣ್ಣು ಮುಚ್ಚಿ ಕೂತು ಕೇಳುತ್ತಿದ್ದಳು.

ಶಾಲೆ ಶುರುವಾಗುವ ಹೊತ್ತಿಗೆ ಆಯಿ ತಾನು ಮೀನು ಮಾರುವ ಮನೆಗಳನ್ನೆಲ್ಲ ತನ್ನ ತಂಗಿಗೆ, ನನ್ನ ಚಿಕ್ಕಿಗೆ, ಬಿಟ್ಟುಕೊಟ್ಟಳು. ಶಾಲೆ ಬೇಡ, ನಾನೇ ಹೋಗ್ತೆ ಎಂದು ಜಗಳವಾಡಿದೆ. ಅವಳು ನನ್ನ ಕಿವಿಗೆ ಬಾಯಿ ತಂದು ಕಷ್ಟಪಟ್ಟು ಹೇಳಿದಳು:

“ಆ ಬಾಯಿ ಶಾಲೆಲಿ ತೆರಿ.”

ಆ ವರ್ಷದ ಮಳೆ ಹಿಡಿದಿರುವಾಗಲೇ ಆಯಿ ತೀರಿಹೋದಳು.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಈಗ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕೊನೆಯ ಬೆಂಚಿನವರೆಗೂ ಮೈಕಿಲ್ಲದೆ ದನಿ ಮುಟ್ಟುತ್ತದೆ. ಕಳೆದ ಬೇಸಿಗೆ ಊರಿಗೆ ಹೋದಾಗ ಮಗಳು, ಅಜ್ಜಿ ಹೇಗೆ ಕೂಗುತ್ತಿದ್ದಳು ಎಂದು ಕೇಳಿದಳು. ಅದೇ ಅಂಗಳದಲ್ಲಿ ನಿಂತು, ಹೊಟ್ಟೆಯ ಮೇಲೆ ಅಂಗೈಯಿಟ್ಟು ಕೂಗಿದೆ. ದೂರಕ್ಕೇನೋ ಕೇಳಿರಬೇಕು. ಕೊನೆಯ ಆ ಎಳೆ ಏಳಲಿಲ್ಲ. ಮತ್ತೆ ಕೂಗಿದೆ.

ಒಳಗಿದ್ದ ಚಿಕ್ಕಿ ಬಾಗಿಲಿಗೆ ಬಂದಳು. “ಮಕ್ಕಳಿಗೆ ಪಾಠ ಹೇಳ್ದಂಗೆ ಆತು ಮಗಾ. ಅಕ್ಕನದು ಹಾಂಗಲ್ಲ.”

ಹೇಗೆ ಎಂದೆ. ಚಿಕ್ಕಿ ಅಂಗಳಕ್ಕಿಳಿದು ಗದ್ದೆಯ ಕಡೆ ಮುಖ ಮಾಡಿ ಬಾಯಿ ತೆರೆದಳು. ಅಕ್ಕನ ಆ ಎಳೆ ನೆನಪಾಗದೆ, ಬಾಯಿ ಮುಚ್ಚಿದಳು.